ಕಿಲ್ತಾನ್ ಅಜ್ಜನ ಮನೆ ಹುಡುಕುವುದು ಹೇಗೆ? ಮಂಗಳೂರು ಬಂದರು ಮತ್ತು ಅಮಿನ್‌ದಿವಿ ದ್ವೀಪಗಳು

ಬಂದರ್ ಹುಡುಗಿ

ಎಲ್ಲರಿಗೂ ನಮಸ್ಕಾರ. ಲಕ್ಷದ್ವೀಪದಲ್ಲಿ ಸಂಬಂಧ ಇರುವವರು ಯಾರಾದರೂ ಇಲ್ಲಿ ಇದ್ದೀರಾ? ಬೀಚು, ಸ್ಕೂಬಾ ವಿಷಯ ಅಲ್ಲ. ನನ್ನ ಉಮ್ಮನ (ಅಮ್ಮನ) ಅಜ್ಜ, ಅಂದರೆ ಅವರ ತಾಯಿಯ ತಂದೆ, ಕಿಲ್ತಾನ್ ದ್ವೀಪದವರು. ಓಡದಲ್ಲಿ, ಅಂದರೆ ದ್ವೀಪದ ಹಾಯಿ ದೋಣಿಯಲ್ಲಿ, ಕತ್ತದ (ತೆಂಗಿನ ನಾರಿನ) ಹಗ್ಗ, ಕೊಬ್ಬರಿ, ಬೆಲ್ಲ ತುಂಬಿಕೊಂಡು ಮಂಗಳೂರಿನ ಹಳೆ ಬಂದರಿಗೆ ಬರುತ್ತಿದ್ದರಂತೆ. ಇಲ್ಲೇ ಬಂದರಿನಲ್ಲಿ ನಮ್ಮ ಮುತ್ತಜ್ಜಿಯನ್ನು ನಿಕಾಹ್ ಆದರು. ಮಳೆಗಾಲಕ್ಕೆ ಮೊದಲು ದ್ವೀಪಕ್ಕೆ ಹೋಗುವುದು, ಮಳೆ ಬಿಟ್ಟ ಮೇಲೆ ಬರುವುದು. ಹೀಗೆ ಸುಮಾರು ವರ್ಷ ನಡೆಯಿತು. ಆಮೇಲೆ ಒಂದು ವರ್ಷ ಓಡ ಬಂತು, ಅಜ್ಜ ಬರಲಿಲ್ಲ. ಯಾಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾವು ಅವರನ್ನು 'ಕಿಲ್ತಾನ್ ಅಜ್ಜ' ಅಂತಲೇ ಕರೆಯುವುದು, ಅಷ್ಟೇ.

ಉಮ್ಮನಿಗೆ ಈಗ ಒಂದು ಸಲ ಅಲ್ಲಿ ಹೋಗಿ ನೋಡಬೇಕು ಅಂತ ಆಸೆ. ನಮ್ಮ ಹತ್ತಿರ ಇರುವುದು ಅಜ್ಜನ ಹೆಸರು ಮತ್ತು ಅವರ ಮರದ ಪೆಟ್ಟಿಗೆ ಮಾತ್ರ. ಎಲ್ಲಿಂದ ಶುರು ಮಾಡುವುದು?

ಮಂಜಿ ಲೆಕ್ಕ

ತಂಗೀ, ನಾನು ಹಳೆ ಬಂದರಿನಲ್ಲಿ ಮಂಜಿಗಳ, ಅಂದರೆ ಸರಕು ಸಾಗಿಸುವ ಹಡಗುಗಳ, ಲೋಡಿಂಗ್ ಲೆಕ್ಕ ಬರೆದವನು. ಅರ್ಧ ಆಯುಷ್ಯ ಅಲ್ಲೇ ಕಳೆದದ್ದು. ಇವತ್ತಿಗೂ ದ್ವೀಪಕ್ಕೆ ಸಿಮೆಂಟು, ಜಲ್ಲಿ, ಹೊಯಿಗೆ (ಮರಳು), ಅಕ್ಕಿ, ಈರುಳ್ಳಿ, ತರಕಾರಿ ಮಂಗಳೂರಿನಿಂದ ಹೋಗುತ್ತದೆ. ಮಳೆಗಾಲದಲ್ಲಿ ಬಂದ್. ಉಳಿದ ಕಾಲದಲ್ಲಿ ಬಂದರಿಗೆ ಬಂದರೆ ದ್ವೀಪದವರನ್ನು ದಕ್ಕೆಯಲ್ಲೇ, ಸರಕು ಇಳಿಸುವ ಕಟ್ಟೆಯಲ್ಲೇ, ನೋಡಬಹುದು.

ಒಂದು ಮಾತು ಹೇಳುತ್ತೇನೆ. ಅಜ್ಜನ ಹೆಸರು ಹಿಡಿದು ಹೋದರೆ ಏನೂ ಸಿಗುವುದಿಲ್ಲ. ಒಂದು ಮಂಜಿಯಲ್ಲಿ ನಾಲ್ಕು ಜನ ಮುಹಮ್ಮದ್, ಮೂರು ಜನ ಕೋಯ ಇರುತ್ತಿದ್ದರು. ನಾವು ಲೆಕ್ಕದಲ್ಲಿ ಮನೆ ಹೆಸರು ಬರೆದುಕೊಳ್ಳುತ್ತಿದ್ದೆವು. ಅವರಿಗೆ ಮನೆ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಆ ಮನೆ ತಾಯಿ ಕಡೆಯದ್ದು. ಲಕ್ಷದ್ವೀಪದ ಎಂಪಿ ಆಗಿದ್ದ ಪಿ. ಎಂ. ಸಯೀದ್ ಗೊತ್ತಲ್ಲ, 1967ರಿಂದ 2004ರವರೆಗೆ ಬಿಡದೆ ಗೆದ್ದವರು? ಆ 'ಪಿ' ಅಂದರೆ ಪದನಾಥ, ಆಂದ್ರೋತ್ ದ್ವೀಪದ ಮನೆ ಹೆಸರು. ಅವರು ಕಾಲೇಜು ಓದಿದ್ದೂ ನಮ್ಮ ಮಂಗಳೂರಿನಲ್ಲೇ.

ಮನೆ ಹೆಸರು ಹುಡುಕಿ. ಉಳಿದದ್ದು ಸುಲಭ.

ಸೈಕಲ್ ಧಾರವಾಡ

ಅಲ್ರೀ, ಲಕ್ಷದ್ವೀಪಕ್ಕೂ ಮಂಗಳೂರಿಗೂ ಇಷ್ಟು ಹತ್ತಿರದ ನಂಟು ಇತ್ತಾ? ನಾನು ಅದೆಲ್ಲಾ ಕೇರಳದ್ದು ಅಂತ ತಿಳಿದಿದ್ದೆ.

ಪುತ್ತೂರು ಮೇಷ್ಟ್ರು

ಬರೀ ನಂಟಲ್ಲ. ಅದರಲ್ಲಿ ಐದು ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯೇ ಆಗಿದ್ದವು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಇವನ್ನು ಒಟ್ಟಿಗೆ ಅಮಿನ್‌ದಿವಿ ದ್ವೀಪಗಳು ಅಂತ ಕರೆಯುತ್ತಿದ್ದರು.

ಮೊದಲು ಎಲ್ಲ ದ್ವೀಪಗಳೂ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಕತ್ತದ ವ್ಯಾಪಾರ ಪೂರ್ತಿ ಅವರದು. ಅವರು ಹೇಳಿದ್ದೇ ರೇಟು. ಬೇಸತ್ತ ಅಮಿನಿಯ ಕೆಲವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪುವನ್ನು ಕಂಡು, ನಮ್ಮನ್ನು ನೀವೇ ನೋಡಿಕೊಳ್ಳಿ ಅಂದರು. ಹಾಗೆ ಆ ಗುಂಪು ಮೈಸೂರಿಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಕಂಪನಿ ಅದನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮಂಗಳೂರಿನ ಕಲೆಕ್ಟರೇ ಅವರಿಗೂ ಕಲೆಕ್ಟರ್. ಅಮಿನಿಯಲ್ಲಿ ಮಣೆಗಾರ ಅಂತ ಒಬ್ಬ ಅಧಿಕಾರಿ ಇರುತ್ತಿದ್ದ. ತಮಾಷೆ ಏನೆಂದರೆ ಕಂಪನಿಯೂ ಕತ್ತದ ಏಕಸ್ವಾಮ್ಯ ಬಿಡಲಿಲ್ಲ. ದ್ವೀಪದವರು ಹಗ್ಗ ತಂದು ಮಂಗಳೂರಿನ ಸರ್ಕಾರಿ ಗೋದಾಮಿಗೆ ಹಾಕಬೇಕು, ಬದಲಿಗೆ ಅಕ್ಕಿ ತೆಗೆದುಕೊಂಡು ಹೋಗಬೇಕು. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಹಾಗಾಗಿ ಹಗ್ಗ ಹೊಸೆದರೆ ಮಾತ್ರ ಅನ್ನ. ಕವರತ್ತಿ, ಅಗತ್ತಿ, ಆಂದ್ರೋತ್, ಕಲ್ಪೇನಿ ಅರಕ್ಕಲ್ ಕೈಯಲ್ಲೇ ಉಳಿದು, ಆಮೇಲೆ ಮಲಬಾರ್ ಜಿಲ್ಲೆಗೆ ಸೇರಿದವು.

1956ರ ರಾಜ್ಯ ಪುನರ್‌ವಿಂಗಡಣೆ ಕಾಯ್ದೆ ತೆಗೆದು ನೋಡಿ. ಮೈಸೂರು ರಾಜ್ಯಕ್ಕೆ ಸೇರುವ ಪ್ರದೇಶಗಳ ಪಟ್ಟಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಇದೆ, 'ಕಾಸರಗೋಡು ತಾಲೂಕು ಮತ್ತು ಅಮಿನ್‌ದಿವಿ ದ್ವೀಪಗಳನ್ನು ಬಿಟ್ಟು' ಅಂತ. ನವೆಂಬರ್ 1ರಂದು ನಾವು ಮೈಸೂರಿಗೆ ಬಂದೆವು, ಅವರು ಅದೇ ದಿನ ಕೇಂದ್ರಾಡಳಿತ ಪ್ರದೇಶವಾದರು. ಕಾಸರಗೋಡಿನ ಬಗ್ಗೆ ಇವತ್ತಿಗೂ ಭಾಷಣ ಬಿಗಿಯುತ್ತೇವೆ. ಅದೇ ಸಾಲಿನಲ್ಲಿದ್ದ ದ್ವೀಪಗಳು ಯಾರಿಗೂ ನೆನಪಿಲ್ಲ.

ಶಾರ್ಜಾ ಬ್ಯಾರಿ

ಇತಿಹಾಸ ಎಲ್ಲ ಸರಿ ಮೇಷ್ಟ್ರೇ. ಆದರೆ ತಂಗಿಗೆ ಒಂದು ಮಾತು. ಇಷ್ಟು ವರ್ಷ ಬಿಟ್ಟು ಈಗ ಹೋಗಿ 'ನಾವು ನಿಮ್ಮವರು' ಅಂದರೆ ಅಲ್ಲಿಯವರು ಏನು ಅಂದುಕೊಳ್ಳುತ್ತಾರೆ ಯೋಚಿಸಿದ್ದೀರಾ? ಜಾಗ ಕೇಳಲಿಕ್ಕೆ ಬಂದರು ಅಂತ. ಅಲ್ಲಿ ನೆಲ ಎಷ್ಟು ಇದೆ? ಹತ್ತು ದ್ವೀಪಗಳಲ್ಲಿ ಜನ ಇದ್ದಾರೆ. ಜನ ಇಲ್ಲದ ದ್ವೀಪಗಳನ್ನೂ ಸೇರಿಸಿದರೆ ಒಟ್ಟು 32 ಚದರ ಕಿ.ಮೀ. ಅಷ್ಟೇ. 2021ರಲ್ಲಿ ಹೊಸ ಭೂಮಿ ನಿಯಮದ ಕರಡು ಬಂದಾಗ ದ್ವೀಪದವರು ಎಷ್ಟು ಹೆದರಿದ್ದರು ಅಂತ ನನ್ನ ರೂಮಿನಲ್ಲಿದ್ದ ಕಲ್ಪೇನಿ ಹುಡುಗ ಹೇಳುತ್ತಿದ್ದ. ಸುಮ್ನೆ ಹಳೆಯದನ್ನು ಕೆದಕುವುದು ಯಾಕೆ?

ಬಂದರ್ ಹುಡುಗಿ

ಅಣ್ಣಾ, ನೀವು ಹೇಳುವುದು ಸುಳ್ಳಲ್ಲ. ಆದರೆ ಉಮ್ಮನಿಗೆ ಜಾಗ ಬೇಡ. ಅಜ್ಜ ಯಾಕೆ ಬರಲಿಲ್ಲ ಅಂತ ಗೊತ್ತಾದರೆ ಸಾಕು.

ಪೆಟ್ಟಿಗೆಯ ಫೋಟೋ ಹಾಕಿದ್ದೇನೆ. ಮುಚ್ಚಳದ ಒಳಗಡೆ ಚೂಪು ಮೊಳೆಯಲ್ಲಿ ಕೊರೆದ ಹಾಗೆ ಒಂದು ಸಾಲು ಇದೆ. ಅರಬಿ ಅಕ್ಷರ. ಆದರೆ ದಿನಾ ಖುರಾನ್ ಓದುವ ನಮ್ಮ ಉಪ್ಪನಿಗೂ (ಅಪ್ಪನಿಗೂ) ಅರ್ಥ ಆಗಲಿಲ್ಲ.

ಅಮಿನಿಕಾರ

ನಾನು ಅಮಿನಿ ದ್ವೀಪದವನು. ಮಂಗಳೂರಿನಲ್ಲಿ ಕಾಲೇಜು ಓದಿದ್ದು. ಕನ್ನಡದಲ್ಲಿ ತಪ್ಪು ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅದು ಅರಬಿ ಅಲ್ಲ, ಅರಬಿ-ಮಲಯಾಳಂ. ಲಿಪಿ ಅರಬಿ, ಭಾಷೆ ನಮ್ಮದು. ಹಳೆಯವರು ಪತ್ರ, ಲೆಕ್ಕ, ಹಾಡು ಎಲ್ಲ ಅದರಲ್ಲೇ ಬರೆಯುತ್ತಿದ್ದರು. ಓಡ ನಡೆಸುವ ಮಾಲ್ಮಿಗಳು ನಕ್ಷತ್ರದ ಲೆಕ್ಕ, ದಾರಿಯ ಗುರುತು ಬರೆದಿಡುವ ರಹ್‌ಮಾನಿ ಪುಸ್ತಕಗಳೂ ಅದೇ ಲಿಪಿಯಲ್ಲಿ. ನಿಮ್ಮ ಪೆಟ್ಟಿಗೆ ಮೇಲೆ ಮೊದಲ ಶಬ್ದ ಕಿಲ್ತಾನ್‌ನ ಒಂದು ಮನೆಯ ಹೆಸರು, ಎರಡನೆಯದು ನಿಮ್ಮ ಅಜ್ಜನ ಹೆಸರು. ಆ ಮನೆ ಈಗಲೂ ಇದೆ! ಹೆಸರು ಇಲ್ಲಿ ಬರೆಯುವುದಿಲ್ಲ, ನಿಮಗೆ ಬೇರೆ ಮೆಸೇಜ್ ಕಳಿಸಿದ್ದೇನೆ.

ಇನ್ನು ಹೋಗುವ ವಿಷಯ. ದ್ವೀಪದವರಲ್ಲದವರಿಗೆ ಪರ್ಮಿಟ್ ಬೇಕೇ ಬೇಕು, 1967ರ ನಿಯಮ. ಪ್ರವಾಸಿಗಳಾದರೆ ಪ್ಯಾಕೇಜಿನಲ್ಲಿ ಕಡಮತ್, ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿಕೊಂಡು ಹೋಗುತ್ತಾರೆ. ಕಿಲ್ತಾನ್‌ನಂಥ ದ್ವೀಪಕ್ಕೆ ಅಲ್ಲಿಯವರೇ ಯಾರಾದರೂ ಸ್ಪಾನ್ಸರ್ ಆಗಿ ಅರ್ಜಿ ಹಾಕುವುದು ಒಳ್ಳೆಯದು. ನಿಮ್ಮ ಪೊಲೀಸ್ ಸ್ಟೇಷನ್ನಿನಿಂದ ಕ್ಲಿಯರೆನ್ಸ್ ಸರ್ಟಿಫಿಕೇಟ್ ಮಾಡಿಸಿ ಇಡಿ, ಅದಕ್ಕೇ ಜಾಸ್ತಿ ಓಡಾಟ. ಕಿಲ್ತಾನ್‌ನಲ್ಲಿ ನನ್ನ ಅಕ್ಕನ ಗಂಡ ಇದ್ದಾರೆ, ಕೇಳಿ ಹೇಳುತ್ತೇನೆ.

ಗಂಗೊಳ್ಳಿ ರಾಣಿ

ಓದ್ತಾ ಇದ್ದೇನೆ. ಹೋಗಿ ಬಂದ ಮೇಲೆ ಬರೆಯದೆ ಇರಬೇಡಿ ಮಾರಾಯ್ರೆ.

ಬಂದರ್ ಹುಡುಗಿ

ಹೋಗಿ ಬಂದೆವು! ಜನವರಿಯಲ್ಲಿ ಪರ್ಮಿಟ್ ಬಂತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೊದಲಿಗೆ ಒಂದು ವಿಚಿತ್ರ. ನಕ್ಷೆಯಲ್ಲಿ ಮಂಗಳೂರಿನಿಂದ ಕಿಲ್ತಾನ್‌ಗೆ ಸುಮಾರು 250 ಕಿ.ಮೀ. ಕೊಚ್ಚಿಯಿಂದ 394. ಆದರೆ ನಾವು ರೈಲು ಹತ್ತಿ ದಕ್ಷಿಣಕ್ಕೆ ಎರ್ನಾಕುಲಂವರೆಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮತ್ತೆ ಉತ್ತರಕ್ಕೆ ಬರಬೇಕು. ಅಜ್ಜ ಗಾಳಿ ಹಿಡಿದು ನೆಟ್ಟಗೆ ಬರುತ್ತಿದ್ದ ದಾರಿಗೆ ಈಗ ನಾವು ಅಡ್ಡ ಸುತ್ತಬೇಕು.

ಹಡಗಿನಲ್ಲಿ ಬಂಕ್ ಕ್ಲಾಸು ಸಿಕ್ಕಿತು. ದೊಡ್ಡ ಹಾಲ್, ಸಾಲಾಗಿ ಮಲಗುವ ಜಾಗ, ಎಲ್ಲ ದ್ವೀಪದ ಸಂಸಾರಗಳು. ಆಸ್ಪತ್ರೆ ಮುಗಿಸಿ ಮನೆಗೆ ಹೋಗುವವರು, ಮದುವೆಗೆ ಬಟ್ಟೆ ತಂದವರು, ರಜೆಗೆ ಹೋಗುವ ಹಾಸ್ಟೆಲ್ ಹುಡುಗರು. ಉಮ್ಮ ಬ್ಯಾರಿ ಭಾಷೆಯಲ್ಲಿ ಮಾತಾಡಿದರು, ಅವರು ದ್ವೀಪದ ಜಸರಿ ಭಾಷೆಯಲ್ಲಿ ಉತ್ತರ ಕೊಟ್ಟರು, ಇಬ್ಬರಿಗೂ ಅರ್ಥ ಆಯಿತು. ರಾತ್ರಿ ಊಟದ ಹೊತ್ತಿಗೆ ಉಮ್ಮನ ಕಥೆ ಹಾಲಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಅಜ್ಜನ ಹೆಸರು ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, 'ಯಾವ ಮನೆ?' ಮಂಜಿ ಲೆಕ್ಕದ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ.

ಹಡಗು ಇಳಿಯುವುದು ದೊಡ್ಡ ಸಾಹಸ. ಸುತ್ತ ಹವಳದ ದಂಡೆ ಇರುವುದರಿಂದ ಹಡಗು ಹೊರಗೇ ನಿಲ್ಲುತ್ತದೆ. ಹಡಗಿನ ಪಕ್ಕದಲ್ಲಿ, ನೀರಿಗೆ ಸ್ವಲ್ಪ ಮೇಲೆ, ಒಂದು ಬಾಗಿಲು ತೆರೆಯುತ್ತಾರೆ. ಕೆಳಗೆ ದೋಣಿ. ಅಲೆಗೆ ದೋಣಿ ಒಮ್ಮೆ ಬಾಗಿಲಿನ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಒಂದಾಳು ಕೆಳಗೆ ಹೋಗುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು. ಉಮ್ಮನ ತೋಳು ಹಿಡಿದುಕೊಂಡು, 'ಈಗ ಬೇಡ, ಈಗ ಬೇಡ' ಅನ್ನುತ್ತಾ ನಿಂತರು. ದೋಣಿ ಮೇಲೆ ಬಂದದ್ದೇ ತಡ, 'ಹಾಂ' ಅಂತ ಎತ್ತಿ ಆಚೆ ಇಟ್ಟೇಬಿಟ್ಟರು. ನಾನು ಉಸಿರು ಬಿಡುವಷ್ಟರಲ್ಲಿ ಉಮ್ಮ ದೋಣಿಯ ಹಲಗೆ ಮೇಲೆ ಕೂತು ಚಪ್ಪಲಿ ಹುಡುಕುತ್ತಿದ್ದರು. ಒಬ್ಬ ಅಜ್ಜಿ ಕೈಯಲ್ಲಿ ಎರಡು ಕೋಳಿ ಹಿಡಿದುಕೊಂಡೇ ಇಳಿದರು. ಅವರಿಗೆ ಬಸ್ಸಿನಿಂದ ಇಳಿದಷ್ಟೇ.

ಉಳಿದದ್ದು ನಾಳೆ ಬರೆಯುತ್ತೇನೆ.

ಸೈಕಲ್ ಧಾರವಾಡ

ವಾಂತಿ ಆಯ್ತೇನ್ರಿ? ನಮ್ಮ ಅವ್ವನ್ನ ಕರ್ಕೊಂಡು ಹೋಗಬೇಕು ಅಂತ ಯೋಚನೆ.

ಬಂದರ್ ಹುಡುಗಿ

ನನಗೆ ಆಯಿತು, ಉಮ್ಮನಿಗೆ ಆಗಲಿಲ್ಲ :) ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಮುದ್ರ ಸಮಾಧಾನದಲ್ಲಿರುತ್ತದೆ ಅಂದರು. ಅವ್ವನಿಗೆ ಮಂಡಿ ನೋವು ಇದ್ದರೆ ಮಾತ್ರ ಆ ಬಾಗಿಲಿನ ವಿಷಯ ಯೋಚಿಸಿ.

ಕಿಲ್ತಾನ್ ಚಿಕ್ಕ ದ್ವೀಪ. 2011ರ ಜನಗಣತಿಯಲ್ಲಿ 3,946 ಜನ. ಎರಡು ಚದರ ಕಿ.ಮೀ. ಕೂಡ ಇಲ್ಲ. ತೆಂಗಿನ ತೋಟದ ನಡುವೆ ಕಾಂಕ್ರೀಟು ದಾರಿ, ಸೈಕಲ್ಲು, ಸ್ಕೂಟರು. ಹಾವಿಲ್ಲ, ನಾಯಿ ಇಲ್ಲ. ನಾಯಿ ಇಲ್ಲದ ರಾತ್ರಿ ಎಷ್ಟು ಬೇರೆ ಇರುತ್ತದೆ ಅಂತ ಅಲ್ಲೇ ಗೊತ್ತಾಗಿದ್ದು. ಲಗೂನಿನ, ಅಂದರೆ ಹವಳದ ದಂಡೆಯ ಒಳಗಿನ ನೀರಿನ, ಬದಿಯಲ್ಲಿ ಮರಳಲ್ಲಿ ಗುಂಡಿ ತೋಡಿ ತೆಂಗಿನ ಸಿಪ್ಪೆ ಹೂತು, ಮೇಲೆ ಕಲ್ಲು ಹೇರಿ ಇಡುತ್ತಾರೆ. ಉಪ್ಪು ನೀರಲ್ಲಿ ತಿಂಗಳುಗಟ್ಟಲೆ ನೆನೆದ ಮೇಲೆ ತೆಗೆದು ಕೋಲಲ್ಲಿ ಬಡಿದು ನಾರು ಬಿಡಿಸುವುದು. ಉಪ್ಪು ನೀರಿನ ಕತ್ತಕ್ಕೆ ಬಣ್ಣ ಬಿಳುಪು, ಗಟ್ಟಿ. ಮೊದಲು ಮನೆಮನೆಯ ಹೆಂಗಸರದು ಅದೇ ಕೆಲಸ. ಈಗ ಮಾಡುವವರು ಕಡಿಮೆ.

ಅಮಿನಿಕಾರರ ಭಾವ ನಮ್ಮನ್ನು ಆ ಮನೆಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಒಬ್ಬ ಹುಡುಗ, ಮೂವತ್ತರ ಒಳಗಿನವನು. ತುಂಬಾ ಮರ್ಯಾದೆಯಿಂದ ಕೂರಿಸಿದ. ನೀರು ಕೊಟ್ಟ. ಆಮೇಲೆ ನಿಧಾನಕ್ಕೆ ಕೇಳಿದ, 'ಏನಾದರೂ ಕಾಗದ ತಂದಿದ್ದೀರಾ?' ಶಾರ್ಜಾ ಅಣ್ಣಾ, ಆಗ ನಿಮ್ಮ ನೆನಪಾಯಿತು. ಉಮ್ಮ ಚೀಲದಿಂದ ಪೆಟ್ಟಿಗೆಯ ಫೋಟೋ ತೆಗೆದು, 'ಇದೊಂದೇ ಕಾಗದ ಮಗಾ' ಅಂದರು.

ಅವನು ಫೋಟೋ ತೆಗೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಒಬ್ಬ ಅಜ್ಜಿ ಬಂದರು. ಎಂಬತ್ತು ದಾಟಿದೆ. ನಮ್ಮ ಅಜ್ಜನ ತಂಗಿಯ ಮಗಳು. ಬಂದು ಕೂತವರು ಸಲಾಂ ಆದ ಮೇಲೆ ಉಮ್ಮನಿಗೆ ಕೇಳಿದ ಮೊದಲ ಮಾತು, 'ನೀವು ಮನೆ ಯಾಕೆ ಬದಲಾಯಿಸಿದಿರಿ?'

ನಮಗೆ ತಲೆಬುಡ ತಿಳಿಯಲಿಲ್ಲ. ಅವರು ಒಂದೊಂದಾಗಿ ಹೇಳಿದರು. ಅಜ್ಜನಿಗೆ ಕಣ್ಣು ಹೋಯಿತಂತೆ. ಸಮುದ್ರದ ಬಿಸಿಲು ನೋಡಿ ನೋಡಿ ಅಂತ ಅವರ ಮಾತು. ಕಣ್ಣು ಕಾಣದವನನ್ನು ಓಡಕ್ಕೆ ಯಾರು ಹತ್ತಿಸುತ್ತಾರೆ? ಅವರಿಗೆ ಒಂದು ಓಡದಲ್ಲಿ ಪಾಲು ಇತ್ತು. ಅದನ್ನು ಮಾರಿ, ಆ ದುಡ್ಡನ್ನು ಮಾಲ್ಮಿಯ ಕೈಯಲ್ಲಿ ಮಂಗಳೂರಿಗೆ, ಹೆಂಡತಿ ಮಕ್ಕಳಿಗೆ ಅಂತ ಕಳಿಸಿದರು. ಮುಂದಿನ ಸೀಸನ್‌ಗೆ ಒಂದು ಭರಣಿ ಬೆಲ್ಲ, ಒಂದು ಬಾಟಲಿ ಸುರ್ಕ (ವಿನೆಗರ್) ಕಳಿಸಿದರು. ಅದು ಹಾಗೇ ವಾಪಸ್ ಬಂತು. ಬಂದರಿನ ಆ ಮನೆಯಲ್ಲಿ ಬೇರೆಯವರಿದ್ದಾರೆ, ಇವರು ಎಲ್ಲಿ ಹೋದರೋ ಗೊತ್ತಿಲ್ಲ ಅಂತ ಮಾಲ್ಮಿ ಹೇಳಿದನಂತೆ. ಆ ಭರಣಿಯ ಬೆಲ್ಲ ತಿಂದವರಲ್ಲಿ ತಾನೂ ಒಬ್ಬಳು ಅಂತ ಅಜ್ಜಿ ನಕ್ಕರು.

ಈಗ ಉಮ್ಮ ಸುಮ್ಮನಾದರು. ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಮಾತು ಇದೆ. ಮುತ್ತಜ್ಜಿಗೆ ಯಾರೋ ಓಡದವರು ಒಂದಷ್ಟು ದುಡ್ಡು ತಂದುಕೊಟ್ಟರು, ಅದರಲ್ಲೇ ಬಂದರಿನ ಬಾಡಿಗೆ ಮನೆ ಬಿಟ್ಟು ಉಳ್ಳಾಲದಲ್ಲಿ ಸ್ವಂತ ಮನೆ ಕಟ್ಟಿದ್ದು ಅಂತ. ಯಾವ ದುಡ್ಡು, ಯಾರದು ಅಂತ ನಾವು ಯಾರೂ ಕೇಳಿರಲಿಲ್ಲ. ಅಜ್ಜ ಕಳಿಸಿದ ದುಡ್ಡಿನಿಂದಲೇ ಅಜ್ಜನ ಬೆಲ್ಲಕ್ಕೆ ವಿಳಾಸ ತಪ್ಪಿತು.

ಊಟಕ್ಕೆ ಕೂರಿಸಿದರು. ಟ್ಯೂನಾ ಮೀನಿನ ಸಾರು, ಅನ್ನ, ತೆಂಗಿನಕಾಯಿ ತುರಿ ಹಾಕಿದ ಮಾಸ್, ಅಂದರೆ ಬೇಯಿಸಿ ಹೊಗೆ ಹಾಕಿ ಒಣಗಿಸಿದ ಟ್ಯೂನಾ. ಕೊನೆಗೆ ನೀರಾ ಕಾಯಿಸಿ ಮಾಡುವ ಬೆಲ್ಲ. ಕಪ್ಪು, ಅಂಟು, ನಮ್ಮ ಜೋನಿ ಬೆಲ್ಲದ ಹದ. ಅಡುಗೆಮನೆ ಹಳೆಯದು, ಹಂಚಿನ ಮಾಡು (ಚಾವಣಿ). ಉಳಿದ ಮನೆ ಪೂರ್ತಿ ಟೆರೇಸ್ ಆಗಿದೆ. ಅಜ್ಜಿ ಉಮ್ಮನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದರು. ಮಂಗಳೂರು ಹಂಚು. ಒಂದು ಹಂಚು ಕೆಳಗೆ ಮೂಲೆಯಲ್ಲಿ ಒರಗಿಸಿಟ್ಟಿತ್ತು, ಅದರ ಅಡಿ ತಿರುಗಿಸಿದರೆ, ಮಂಗಳೂರಿನಲ್ಲಿ ಹಂಚು ಮಾಡುತ್ತಿದ್ದ ಬಾಸೆಲ್ ಮಿಷನ್ ಅಂತ ಅಚ್ಚು, ಮಸಿ ಹಿಡಿದಿದ್ದರೂ ಓದಬಹುದು. ಅಜ್ಜ ಒಂದು ಸೀಸನ್‌ನಲ್ಲಿ ಅಕ್ಕಿಯ ಜೊತೆ ಓಡದಲ್ಲಿ ಹೇರಿಕೊಂಡು ಬಂದದ್ದಂತೆ. 'ನಿನ್ನ ಅಜ್ಜನಿಗೆ ಅಲ್ಲೂ ಮನೆ, ಇಲ್ಲೂ ಮಾಡು' ಅಂದರು ಅಜ್ಜಿ.

ಮಂಜಿ ಲೆಕ್ಕ

ಹಂಚು ಓಡದಲ್ಲಿ ಹೋಗುತ್ತಿತ್ತು, ಹೌದು. ಅಡಿಯಲ್ಲಿ ಭಾರಕ್ಕೂ ಆಯಿತು, ಊರಲ್ಲಿ ಮಾಡಿಗೂ ಆಯಿತು. ಒಡೆಯದಂತೆ ಮಧ್ಯೆ ಹುಲ್ಲು ತುಂಬಬೇಕು. ನನ್ನ ಕಾಲಕ್ಕೆ ಹಂಚು ಹೋಗಿ ಶೀಟು ಬಂತು.

ಬಂಟ್ವಾಳ ಶೆಟ್ಟಿ

ತಾಯಿ ಕಡೆ ಮನೆ ಹೆಸರು, ಗಂಡಸು ಹೆಂಡತಿ ಮನೆಗೆ ರಾತ್ರಿ ಹೋಗಿ ಬೆಳಿಗ್ಗೆ ತಾಯಿ ಮನೆಗೆ ಬರುವುದು ಅಂತಲೂ ದ್ವೀಪದ ಬಗ್ಗೆ ಕೇಳಿದ್ದೇನೆ, ಇದೆಲ್ಲ ನಮ್ಮ ಅಳಿಯಕಟ್ಟೇ, ತಾಯಿ ಸಾಲಿನಲ್ಲಿ ಆಸ್ತಿ ಹೋಗುವ ಪದ್ಧತಿಯೇ ಅಲ್ವಾ? ನಮ್ಮ ಅಜ್ಜನ ಕಾಲದಲ್ಲೂ ಯಜಮಾನ ಅಂದರೆ ಸೋದರಮಾವ. ಕುಟುಂಬದ ಮನೆಯಲ್ಲಿ ತಂದೆಗೆ ಏನು ಲೆಕ್ಕ? 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಪಾಲು ಶುರುವಾಯಿತು. ಆದರೆ ಮುಸ್ಲಿಮರಲ್ಲಿ ಇದು ಹೇಗೆ ಅಂತ ಅರ್ಥ ಆಗಲಿಲ್ಲ. ಅವರಿಗೆ ಶರೀಯತ್ ಇದೆಯಲ್ಲ?

ಅಮಿನಿಕಾರ

ಶೆಟ್ರೇ, ನಮ್ಮಲ್ಲಿ ಎರಡೂ ಇದೆ. ಆಸ್ತಿಯಲ್ಲೇ ಎರಡು ಬಗೆ. ಶುಕ್ರವಾರದ ಆಸ್ತಿ ಅಂತ ಒಂದು, ಸೋಮವಾರದ ಆಸ್ತಿ ಅಂತ ಇನ್ನೊಂದು. ಶುಕ್ರವಾರದ್ದು ತರವಾಡಿನದು, ಅಂದರೆ ಕೂಡು ಕುಟುಂಬದ್ದು, ತಾಯಿಯ ಕಡೆಯಿಂದ ಬಂದದ್ದು. ಅದು ಹೆಣ್ಣುಮಕ್ಕಳ ಸಾಲಿನಲ್ಲೇ ಹೋಗುತ್ತದೆ. ಗಂಡಸು ಬದುಕಿರುವವರೆಗೆ ಅನುಭವಿಸಬಹುದು, ಅವನ ಮಕ್ಕಳಿಗೆ ಹೋಗುವುದಿಲ್ಲ. ಸೋಮವಾರದ್ದು ಸ್ವಂತ ದುಡಿದದ್ದು. ಅದಕ್ಕೆ ಶರೀಯತ್, ಹೆಂಡತಿ ಮಕ್ಕಳಿಗೆ ಪಾಲು. ಎರಡರ ನಡುವೆ ಜಗಳ ಇಲ್ಲ ಅಂತಲ್ಲ, ಕೋರ್ಟಿನಲ್ಲಿ ಇರುವುದೆಲ್ಲ ಅದೇ ಜಗಳ! ಲೀಲಾ ದುಬೆ ಅಂತ ಸಮಾಜಶಾಸ್ತ್ರದವರು ಕಲ್ಪೇನಿಗೆ ಬಂದು ಇದನ್ನೇ ಅಧ್ಯಯನ ಮಾಡಿದ್ದರು.

ಶಾರ್ಜಾ ಬ್ಯಾರಿ

ಹಾಗಾದರೆ ತಂಗಿಯ ಅಜ್ಜನ ಓಡದ ಪಾಲು ಸೋಮವಾರದ್ದು. ಅದು ಆಗಲೇ ಮಂಗಳೂರಿಗೆ ಬಂದಾಯಿತು. ಆ ಹುಡುಗ ಕಾಗದ ಕೇಳಿದ್ದು ಅದಕ್ಕೇ ಇರಬೇಕು. ಬಾಕಿ ಏನಾದರೂ ಉಂಟಾ ಅಂತ.

ಬಂದರ್ ಹುಡುಗಿ

ಹೌದು ಅಣ್ಣಾ. ಅಜ್ಜಿಯೇ ಅವನ ಎದುರಿಗೆ ಹೇಳಿದರು, 'ಅವರದ್ದು ಅವರಿಗೆ ಆಗಲೇ ಹೋಗಿದೆ, ನಮ್ಮದು ನಮ್ಮಲ್ಲಿದೆ.' ಆಮೇಲೆ ಆ ಹುಡುಗನ ಮುಖವೇ ಬೇರೆ ಆಯಿತು. ಸಂಜೆ ಸ್ಕೂಟರಿನಲ್ಲಿ ದ್ವೀಪ ಪೂರ್ತಿ ಸುತ್ತಿಸಿದ. ಅಜ್ಜನ ಖಬರ್ (ಸಮಾಧಿ) ತೋರಿಸಿದ್ದೂ ಅವನೇ. ಅವನ ಮೇಲೆ ನನಗೆ ಬೇಸರ ಇಲ್ಲ. ಅವನ ಜಾಗದಲ್ಲಿ ಇದ್ದಿದ್ದರೆ ನಾನೂ ಕೇಳುತ್ತಿದ್ದೆ.

ಕಿಲ್ತಾನ್‌ನಿಂದ ಕಡಮತ್‌ಗೂ ಹೋದೆವು. ಸುಮಾರು 9 ಕಿ.ಮೀ. ಉದ್ದ, ಅಗಲ ಅಂದರೆ ಹೆಚ್ಚೆಂದರೆ ಅರ್ಧ ಕಿ.ಮೀ. ರಸ್ತೆಯಲ್ಲಿ ನಿಂತರೆ ಎರಡೂ ಕಡೆಯ ಸಮುದ್ರದ ಸದ್ದು ಕೇಳುತ್ತದೆ. ಚಂದ ಇದೆ, ಫೋಟೋ ಎಲ್ಲರೂ ನೋಡಿರುತ್ತೀರಿ, ಅದರ ಬಗ್ಗೆ ನಾನು ಹೊಸದು ಹೇಳುವುದೇನೂ ಇಲ್ಲ. ಅಮಿನಿಯಲ್ಲಿ ಅಮಿನಿಕಾರರ ಮನೆಯವರು ಊಟ ಹಾಕದೆ ಬಿಡಲಿಲ್ಲ. ಅಲ್ಲಿ ಮುದುಕರೊಬ್ಬರು ನಾವು ಮಂಗಳೂರಿನವರು ಅಂದ ಕೂಡಲೇ ಬಂದರಿನ ಬೀದಿಗಳನ್ನು ಸಾಲಾಗಿ ಹೇಳತೊಡಗಿದರು. ಅಕ್ಕಿ ಅಂಗಡಿ ಎಲ್ಲಿ, ಚಹಾ ಯಾರದು ಚೆನ್ನಾಗಿತ್ತು, ಹಾಯಿ ಬಟ್ಟೆ ಎಲ್ಲಿ ಸಿಗುತ್ತಿತ್ತು, ಎಲ್ಲ. ನನಗೆ ಅದರಲ್ಲಿ ಅರ್ಧ ಗೊತ್ತಿಲ್ಲ. ಹುಟ್ಟಿ ಬೆಳೆದ ಊರಿನ ಬಗ್ಗೆ ಅವರೇ ನನಗೆ ಪಾಠ ಮಾಡಿದರು.

ಪುತ್ತೂರು ಮೇಷ್ಟ್ರು

ಅಂಥ ಮುದುಕರ ಮಾತನ್ನು ಯಾರಾದರೂ ಫೋನಿನಲ್ಲಾದರೂ ರೆಕಾರ್ಡ್ ಮಾಡಿ ಇಡಬೇಕು. ಸರ್ಕಾರಿ ದಾಖಲೆಯಲ್ಲಿ ಅದು ಇರುವುದಿಲ್ಲ. ದಾಖಲೆ ಬೇಕಾದವರಿಗೆ ಹೇಳುತ್ತೇನೆ. ಹಳೆ ದಕ್ಷಿಣ ಕನ್ನಡ ಜಿಲ್ಲೆಯ ಕಡತಗಳು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ, ನಾವು ಆಗ ಮದರಾಸಿನವರಲ್ಲವೇ. ಆದರೆ ಅಲ್ಲಿ ಸಿಗುವುದು ಕತ್ತದ ರೇಟು, ಅಕ್ಕಿಯ ರೇಟು, ಬಿರುಗಾಳಿ ನಷ್ಟ, ಮಣೆಗಾರನ ವರದಿ ಇಂಥವು. ಓಡದಲ್ಲಿ ಬಂದ ಒಬ್ಬ ಆಳಿನ ಹೆಸರು ಸಿಗುತ್ತದೆ ಅಂತ ಆಸೆ ಇಟ್ಟುಕೊಂಡು ಹೋಗಬೇಡಿ. ಈ ತಾಯಿ ಮಾಡಿದ ಹಾಗೆ ಮನೆ ಹೆಸರು ಹಿಡಿದು ಹೋಗುವುದೇ ಹತ್ತಿರದ ದಾರಿ.

ಸೈಕಲ್ ಧಾರವಾಡ

ಮಂಗಳೂರಿನಿಂದ ನೆಟ್ಟಗೆ ಹಡಗು ಬಿಡಲಿಕ್ಕೆ ಏನು ಕಷ್ಟರೀ?

ಮಂಜಿ ಲೆಕ್ಕ

ಮೊದಲು ಇತ್ತು, ಮಧ್ಯೆ ನಿಂತಿತು. 2024ರ ಮೇ ತಿಂಗಳಲ್ಲಿ 'ಪರಳಿ' ಅನ್ನುವ ವೇಗದ ಹಡಗು ಲಕ್ಷದ್ವೀಪದಿಂದ ಹಳೆ ಬಂದರಿಗೆ ಬಂತು. ಸುಮಾರು 160 ಜನ, ಏಳು ಗಂಟೆ ಪ್ರಯಾಣ. ನಾನು ನೋಡಲಿಕ್ಕೇ ಹೋಗಿದ್ದೆ. ದ್ವೀಪಕ್ಕೆ ಅಂತಲೇ ಬೇರೆ ದಕ್ಕೆ ಕಟ್ಟುವ ಯೋಜನೆಯೂ ಉಂಟು. ಆದರೆ ಅಳಿವೆಬಾಗಿಲಲ್ಲಿ ಹೂಳು ತುಂಬುತ್ತದೆ. ಹೂಳು ತೆಗೆಯದೆ ದೊಡ್ಡ ಹಡಗಿನ ಮಾತಾಡಿ ಪ್ರಯೋಜನ ಇಲ್ಲ. ಇದು ನನ್ನ ಅಭಿಪ್ರಾಯ.

ಕಾಪು ನಸೀಮಾ

ಈ ಚರ್ಚೆ ಈಗ ನೋಡಿದೆ, ಮೈ ಜುಮ್ ಅಂತು. ನಮ್ಮ ಉಪ್ಪನ ತಂದೆಯೂ ದ್ವೀಪದವರು, ಚೆತ್ಲತ್ ಅಂತ ಕೇಳಿದ ನೆನಪು. ಪೆಟ್ಟಿಗೆ ಗಿಟ್ಟಿಗೆ ಏನೂ ಇಲ್ಲ. ಒಂದು ಶಬ್ದ ಮಾತ್ರ ಇದೆ. ಉಪ್ಪ ಸಿಟ್ಟು ಬಂದಾಗ 'ನಾನು ಇಂಥ ಮನೆಯವನು' ಅಂತ ಬಾಯಿ ಬಿಡುತ್ತಿದ್ದರು. ಅದು ಮನೆ ಹೆಸರೇ ಇರಬಹುದಾ?

ಬಂದರ್ ಹುಡುಗಿ

ಅಕ್ಕಾ, ಅದೇ ಇರಬೇಕು! ಸಿಟ್ಟಿನಲ್ಲಿ ಬರುವುದು ಮನೆ ಹೆಸರೇ. ಆದರೆ ನಿಮ್ಮ ಉಪ್ಪ ಹುಟ್ಟಿದ್ದು ಇಲ್ಲೇ ಅಲ್ವಾ, ಹಾಗಾಗಿ ಅದು ಅವರ ತಂದೆ ಬಾಯಲ್ಲಿ ಕೇಳಿ ಕಲಿತದ್ದು. ಉಚ್ಚಾರ ಸ್ವಲ್ಪ ಬೇರೆ ಆಗಿರಬಹುದು. ಉಪ್ಪನ ಅಕ್ಕ ತಂಗಿಯರು ಯಾರಾದರೂ ಇದ್ದರೆ ಅವರ ಬಾಯಿಂದಲೂ ಹೇಳಿಸಿ, ಫೋನಿನಲ್ಲಿ ಹಿಡಿದಿಡಿ.

ಮಂಜಿ ಲೆಕ್ಕ

ಆ ಹೆಸರನ್ನು ಇಲ್ಲಿ ಹಾಕಬೇಡಿ ತಂಗೀ, ನನಗೆ ಮೆಸೇಜ್ ಮಾಡಿ. ಚೆತ್ಲತ್‌ನವರು ನನಗೆ ಗೊತ್ತಿದ್ದಾರೆ. ಈಗ ಮಳೆಗಾಲ, ಬಂದರು ಖಾಲಿ. ಸೆಪ್ಟೆಂಬರ್ ಕಳೆದು ಮಂಜಿಗಳು ಬರಲಿಕ್ಕೆ ಶುರುವಾದ ಮೇಲೆ ಒಂದು ದಿನ ಬೆಳಿಗ್ಗೆ ಬೇಗ ದಕ್ಕೆಗೆ ಬನ್ನಿ. ಹತ್ತು ಗಂಟೆ ಮೇಲೆ ಲೋಡಿಂಗ್ ಬಿಸಿಯಲ್ಲಿ ಯಾರೂ ಮಾತಿಗೆ ಸಿಗುವುದಿಲ್ಲ. ಮಂಜಿಯಲ್ಲಿ ಹೋಗುತ್ತೇವೆ ಅಂತ ಮಾತ್ರ ಕೇಳಬೇಡಿ, ಸರಕಿನ ಮಂಜಿಗೆ ಪ್ರಯಾಣಿಕರನ್ನು ಹತ್ತಿಸುವ ಹಾಗಿಲ್ಲ. ಹೆಸರು ಹೇಳಿ ಕಳಿಸಿದರೆ ಅವರೇ ಊರಲ್ಲಿ ವಿಚಾರಿಸಿ ಮುಂದಿನ ಟ್ರಿಪ್ಪಿಗೆ ಉತ್ತರ ತರುತ್ತಾರೆ. ಅಷ್ಟರೊಳಗೆ ಪೊಲೀಸ್ ಸರ್ಟಿಫಿಕೇಟ್ ಮಾಡಿಸಿ ಇಟ್ಟುಕೊಳ್ಳಿ.